ಜಾಗಟೆ ನಿಲ್ಲುವವರೆಗೆ

ನಮ್ಮೂರ ಎದುರಿನ ಕಡಲು ವರ್ಷದಲ್ಲಿ ಒಂದು ವಾರ ರಜೆಯ ಮೇಲೆ ಹೋಗುತ್ತದೆ. ಆ ವಾರ ಅದರ ಜಾಗಕ್ಕೆ ಯುರೋಪಿನ ಒಂದು ಕಡಲು ಬಂದು ಕೂರುತ್ತದೆ. ನಮ್ಮದು ಚಹಾದ ಬಣ್ಣದ ಕಡಲು, ಅದು ಬಿಳಿ ಬಟ್ಟೆಗೆ ಹಾಕುವ ನೀಲಿಯ ಹಾಗಿನದ್ದು. ಹೊರಗಿನವರು ಇದನ್ನು ಕೇಳಿದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಾವು ಹುಟ್ಟಿದಾಗಿನಿಂದ ನೋಡಿದವರು, ನಮಗೆ ಆ ವಾರ ಬೇರೆಯೇ ತಲೆಬಿಸಿಗಳಿರುತ್ತವೆ. ಬುಟ್ಟಿಯಲ್ಲಿ ಬರುವ ಮೀನಿಗೆ ಹೆಸರು ಗೊತ್ತಿಲ್ಲ, ಹುಳಿ ಎಷ್ಟು ಹಾಕಬೇಕೆಂದು ಗೊತ್ತಿಲ್ಲ, ಗಾಳಿ ಬೇರೆ ತಣ್ಣಗೆ ಬೀಸಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ಮೀನು ಮಾರುವ ಕಲ್ಯಾಣಿ ಮಾತ್ರ ಆ ವಾರ ಗತ್ತಿನಲ್ಲಿ ಬರುತ್ತಾಳೆ. "ಫಾರಿನ್ ಮೀನು ಅಕ್ಕ, ಮುಳ್ಳೇ ಇಲ್ಲ," ಎನ್ನುತ್ತಾಳೆ. ಮುಳ್ಳಿನ ಜೊತೆ ರುಚಿಯೂ ಇಲ್ಲ ಎಂಬುದನ್ನು ಅವಳು ಹೇಳುವುದಿಲ್ಲ.

ದೋಣಿಗಳನ್ನು ಎಳೆದಿಡುವ ಸಾಲೇ ನಮಗೂ ಆ ಕಡಲಿನವರಿಗೂ ಗಡಿ. ಕಡಲು ಬದಲಾಗುವ ಗಳಿಗೆಯಲ್ಲಿ ದೋಣಿಸಾಲಿನಿಂದ ಮೇಲೆ ಇದ್ದವರು ನಮ್ಮೂರಿನಲ್ಲಿ ಉಳಿಯುತ್ತಾರೆ. ಕೆಳಗೆ ಮರಳಿನ ಮೇಲೆ ಇದ್ದವರು ಆ ಕಡಲಿನ ಜೊತೆ ಯುರೋಪಿಗೆ ಹೋಗುತ್ತಾರೆ, ಮತ್ತೆ ಬರಬೇಕಾದರೆ ಮುಂದಿನ ವರ್ಷ ಅದೇ ವಾರ. ಅದಕ್ಕೇ ಜಾಗಟೆ. ನೀಲಿ ನೀರಿನ ಅಂಚಿನಲ್ಲಿ ಚಹಾದ ಗೆರೆ ಕಂಡ ಕೂಡಲೇ ಜಾಗಟೆ ಹೊಡೆಯುವ ಕೆಲಸ ನಮ್ಮ ಮನೆಯದ್ದು. ಅತ್ತೆಯ ತೋಳು ಸೋತ ಮೇಲೆ ಅದು ನನ್ನ ಪಾಲಿಗೆ ಬಂತು. ಜಾಗಟೆ ಕೇಳಿದವನು ಒಬ್ಬನೇ ಓಡುವಂತಿಲ್ಲ, ಹತ್ತಿರ ಇದ್ದವರ ಕೈ ಹಿಡಿಯಬೇಕು, ಜಾಗಟೆ ನಿಲ್ಲುವವರೆಗೆ ಹಿಡಿದ ಕೈ ಬಿಡಬಾರದು. ಇದು ನಮ್ಮ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ. ಮಾತು ಬಿಟ್ಟ ಓರಗಿತ್ತಿಯರು ಕೂಡ ಆ ಹೊತ್ತಿಗೆ ಕೈ ಕೈ ಹಿಡಿದು ಓಡುತ್ತಾರೆ, ಮೇಲೆ ಬಂದ ಮೇಲೆ ಮುಖ ತಿರುಗಿಸಿಕೊಳ್ಳುತ್ತಾರೆ.

ಆ ವಾರದಲ್ಲೇ, ಆ ಮರಳಿನಲ್ಲೇ, ಯುರೋಪಿನ ಕ್ಲಬ್ಬುಗಳ ವಾರ್ಷಿಕ ಬೀಚ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಒಂದೊಂದು ಕಡೆ ಐದೈದು ಜನ, ಬರಿಗಾಲು, ಮೂರು ಪಾಲಿನ ಆಟ. ಮೊದಮೊದಲು ನಾವು ದೋಣಿಯ ಮೇಲೆ ಕೂತು ನೆಲಗಡಲೆ ತಿನ್ನುತ್ತ ನೋಡುತ್ತಿದ್ದೆವು. ಒಂದು ವರ್ಷ ಸಿರಿಲ್ ಪೊರ್ಬುಗಳಿಗೆ ಕೂತಲ್ಲಿ ಒಂದು ಯೋಚನೆ ಬಂತು. ಅವರು ನಮ್ಮ ದೋಣಿಸಾಲು ಸ್ಪೋರ್ಟ್ಸ್ ಕ್ಲಬ್ಬಿನ ಅಧ್ಯಕ್ಷರು, ಬೇರೆ ಯಾರೂ ನಿಲ್ಲದ ಕಾರಣ ಖಾಯಂ ಅಧ್ಯಕ್ಷರು. ಅವರು ನೇರ ಕಮಿಟಿಯವರ ಡೇರೆಗೆ ಹೋಗಿ, "ನಮ್ಮ ಕ್ಲಬ್ಬಿನ ಗ್ರೌಂಡು ಈಗ ಯಾವ ಖಂಡದಲ್ಲಿ ಉಂಟು, ನೀವೇ ಹೇಳಿ," ಎಂದು ಕೇಳಿದರು. ಕಮಿಟಿಯವರು ಮರಳನ್ನು ನೋಡಿದರು, ಕಡಲನ್ನು ನೋಡಿದರು, ಪೊರ್ಬುಗಳ ಮುಖವನ್ನೂ ನೋಡಿದರು. ಆವತ್ತಿನಿಂದ ನಮ್ಮದೂ ಒಂದು ಯುರೋಪಿನ ಕ್ಲಬ್ಬು.

ಕ್ಲಬ್ಬು ಆದದ್ದು ಸರಿ, ಗೆದ್ದದ್ದು ಇಲ್ಲ. ಅವರ ಮರಳು ಅಕ್ಕಿಹಿಟ್ಟಿನ ಹಾಗೆ ನುಣ್ಣಗೆ, ನಮ್ಮ ಹುಡುಗರ ಕಾಲು ಮೊಣಕಾಲಿನವರೆಗೆ ಹೂತು ಹೋಗುತ್ತದೆ. ಪ್ರತಿ ವರ್ಷವೂ ಕೊನೆಯ ದಿನ ಕೊನೆಯ ಸ್ಥಾನಕ್ಕಾಗಿ ಒಂದು ಪಂದ್ಯ ಇರುತ್ತದೆ. ಅದರಲ್ಲಿ ಒಂದು ಟೀಮು ನಮ್ಮದು ಎಂಬುದು ಮೊದಲೇ ಖಾತ್ರಿ. ಫೈನಲ್ ಮುಗಿದು, ಕಪ್ಪು ಕೊಟ್ಟು, ಫೋಟೋ ತೆಗೆದ ಮೇಲೆ, ಪೆಂಡಾಲು ಬಿಚ್ಚುವವರ ಎದುರು ನಾವು ಆಡಿ ಸೋಲುತ್ತೇವೆ. ಆಮೇಲೆ ಜಾಗಟೆ ಹೊಡೆಯುತ್ತೇನೆ, ಮನೆಗೆ ಬರುತ್ತೇವೆ.

ನನಗೆ ಇದರಿಂದ ಏನು ಕಷ್ಟ ಎಂದು ಕೇಳಿದರೆ, ನಮ್ಮ ಗೋಲ್‌ಕೀಪರ್ ನನ್ನ ಯಜಮಾನರು. ಊರಿಗೆ ದೇಜಪ್ಪಣ್ಣ. ಒಂದು ವರ್ಷ ಗೆಲ್ಲುವ ಪಂದ್ಯದಲ್ಲಿ ಕೈಗೆ ಬಂದ ಬಾಲು ಜಾರಿ ಕಾಲ ಸಂದಿಯಲ್ಲಿ ಒಳಗೆ ಹೋಯಿತು. ದೋಣಿಯ ಮೇಲೆ ಕೂತಿದ್ದ ಯಾರೋ ಒಬ್ಬ, "ಬೆಳಿಗ್ಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಹೊಡೆದು ಬಂದ ಕೈ, ಬಾಲ್ ನಿಲ್ಲುದುಂಟಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇವರು ನಗಲಿಲ್ಲ. ಮನೆಗೆ ಬಂದು ಕಾಲು ತೊಳೆದು, "ವಾರಿಜಾ, ಈ ಚಾಂಪಿಯನ್‌ಶಿಪ್‌ನಲ್ಲಿ ಒಂದು ಪಂದ್ಯ ಗೆಲ್ಲುವವರೆಗೆ ನನಗೆ ಮೀನು ಬೇಡ," ಎಂದರು.

ಎರಡು ದಿನದ ಕೋಪ ಎಂದುಕೊಂಡೆ. ವರ್ಷಗಳೇ ಹೋದವು. ಮೀನಿನ ವಾಸನೆ ಇಲ್ಲದೆ ಒಂದು ಹೊತ್ತು ಊಟ ಮಾಡದ ಮನುಷ್ಯ, ಗಂಜಿಯ ಜೊತೆ ಬಸಳೆ, ಹರಿವೆ, ಹೆಸರುಕಾಳು ಎಂದು ಉಣ್ಣುತ್ತ ಕೂತರು. ನನ್ನ ಕೈಯ ಬಂಗುಡೆ ಸಾರಿಗೆ ಊರಿನಲ್ಲಿ ಹೆಸರುಂಟು. ಮದುವೆಯಾದ ಹೊಸತರಲ್ಲಿ ನಾನು ಇವರಿಗೆ ಇಷ್ಟವಾದದ್ದೇ ಆ ಸಾರಿನಿಂದ, ಮುಖದಿಂದ ಅಲ್ಲ, ಇದನ್ನು ಇವರೇ ಹೇಳಿದ್ದಾರೆ. ನನ್ನ ಸಾರನ್ನು ಊರಿಡೀ ಹೊಗಳುವಾಗ, ಅದು ಯಾರಿಗಾಗಿ ಮಾಡಿದ್ದೋ ಅವರು ಎದುರು ಕೂತು ಬಸಳೆ ದಂಟು ಜಗಿಯುತ್ತಿದ್ದರೆ ಹೊಟ್ಟೆಗೆ ಬೆಂಕಿ ಬೀಳುವುದಿಲ್ಲವೇ? ನನಗೆ ಬೀಳುತ್ತಿತ್ತು. ಬಸಳೆಯ ಚಪ್ಪರ ಕಂಡರೆ ಕತ್ತಿ ಹಾಕುವ ಮನಸ್ಸಾಗುತ್ತಿತ್ತು.

ಹೀಗಿರುವಾಗ ಹೋದ ವರ್ಷ ಕೊನೆಯ ಸ್ಥಾನದ ಪಂದ್ಯದಲ್ಲಿ ನಾವು ಮುಂದಿದ್ದೆವು. ನಮಗೆ ನಾಲ್ಕು ಗೋಲು, ಅವರಿಗೆ ಮೂರು, ಆಟ ಮುಗಿಯಲು ಕೆಲವೇ ಗಳಿಗೆ. ಪೆಂಡಾಲು ಬಿಚ್ಚುವವರೂ ಹಗ್ಗ ಬಿಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮ ಹುಡುಗನೊಬ್ಬ ಅವರ ಉದ್ದ ಕಾಲಿನ ತೋಮಾಶನನ್ನು ಕೆಡವಿದ. ರೆಫ್ರಿ ಸೀಟಿ ಊದಿ, ಒಂದೇ ಸೆಕೆಂಡು ಉಳಿದಿದ್ದ ಗಡಿಯಾರ ನಿಲ್ಲಿಸಿದಳು. ಈ ಆಟದಲ್ಲಿ ಬಿದ್ದವನೇ ಎದ್ದು ಒದೆಯಬೇಕು, ಎದುರು ಯಾರೂ ಅಡ್ಡ ನಿಲ್ಲುವಂತಿಲ್ಲ. ಒದೆಯುವವನು ಒಬ್ಬ, ಗೋಲ್‌ಕೀಪರ್ ಒಬ್ಬ. ತೋಮಾಶ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಬಾಲು ಇಟ್ಟ. ಇವರು ಕೈ ಅಗಲಿಸಿ ನಿಂತರು. ಆಗ ನೀರಿನ ಅಂಚಿನಲ್ಲಿ ನನಗೆ ಚಹಾದ ಗೆರೆ ಕಂಡಿತು.

ನಾನು ಜಾಗಟೆ ಹೊಡೆದೆ. ಹೊಡೆಯದೆ ಏನು ಮಾಡುವುದು, ಕಡಲಿಗೆ ಫುಟ್‌ಬಾಲ್ ಗೊತ್ತಿಲ್ಲವಲ್ಲ. ನಮ್ಮವರೆಲ್ಲ ಓಡಿದರು. ಓಡುವಾಗ ಹತ್ತಿರ ಇದ್ದವರ ಕೈ ಹಿಡಿದರು. ಹತ್ತಿರ ಇದ್ದವರು ಯಾರು? ಎದುರು ಟೀಮಿನವರು. ಅವರು ಅಲ್ಲೇ ಸುಮ್ಮನೆ ನಿಂತಿದ್ದರೆ ತಮ್ಮೂರಿಗೆ ಹೋಗುತ್ತಿದ್ದರು. ನಮ್ಮ ಹುಡುಗರು ಅವರನ್ನು ದರದರ ಎಳೆದುಕೊಂಡು ದೋಣಿಸಾಲು ದಾಟಿಸಿಯೇಬಿಟ್ಟರು. ರೆಫ್ರಿಯನ್ನು ಸಿರಿಲ್ ಪೊರ್ಬುಗಳೇ ಎಳೆದು ತಂದರು. ನಾನು ಜಾಗಟೆ ನಿಲ್ಲಿಸಿ ತಿರುಗಿ ನೋಡಿದರೆ ಕಡಲು ಚಹಾದ ಬಣ್ಣಕ್ಕೆ ಬಂದಿದೆ, ಯುರೋಪಿನ ಒಂದು ಇಡೀ ಟೀಮು ತೆಂಗಿನಮರದ ಬುಡದಲ್ಲಿ ಏದುಸಿರು ಬಿಡುತ್ತ ನಿಂತಿದೆ, ನಮ್ಮವರು ಅವರ ಬೆನ್ನು ತಟ್ಟಿ, "ಹೆದರಬೇಡಿ, ಬಚಾವ್ ಆಯ್ತು," ಎನ್ನುತ್ತಿದ್ದಾರೆ.

ಮರುದಿನ ಪೊರ್ಬುಗಳು, ಹೇಗೂ ಎಲ್ಲರೂ ಇಲ್ಲೇ ಇದ್ದೇವೆ, ಆ ಒಂದು ಒದೆ ಈಗಲೇ ಒದ್ದು ಮುಗಿಸುವ ಎಂದರು. ರೆಫ್ರಿ ತಲೆಯಾಡಿಸಿದಳು. ಇದು ಯುರೋಪಿನ ಚಾಂಪಿಯನ್‌ಶಿಪ್, ಈಗ ಎದುರಿಗಿರುವುದು ಯುರೋಪಿನ ಕಡಲಲ್ಲ ಎಂದು ಕೈಸನ್ನೆಯಲ್ಲಿ ಹೇಳಿ, ನಿಂತ ಗಡಿಯಾರವನ್ನು ತೋರಿಸಿದಳು. ಅವಳ ಲೆಕ್ಕದಲ್ಲಿ ಆಟ ಮುಗಿದಿರಲಿಲ್ಲ. ಆ ಗಡಿಯಾರವನ್ನು ಅವಳು ವರ್ಷವಿಡೀ ಹಾಗೇ ಕಟ್ಟಿಕೊಂಡು ಓಡಾಡಿದಳು. ಹೊತ್ತು ಎಷ್ಟಾಯಿತೆಂದು ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತಿದ್ದಳು.

ಎಳೆದು ತಂದವರ ಮನೆಯಲ್ಲೇ ಅವರವರ ಊಟ ವಸತಿ ಎಂದು ತೀರ್ಮಾನವಾಯಿತು. ತೋಮಾಶನನ್ನು ಎಳೆದು ತಂದವರು ನನ್ನ ಯಜಮಾನರು. ಅಂದರೆ ಯಾವನು ಒದೆಯಬೇಕೋ ಅವನೂ, ಯಾರು ಹಿಡಿಯಬೇಕೋ ಅವರೂ ಒಂದೇ ಮಾಡಿನ ಕೆಳಗೆ, ಅಡುಗೆ ನನ್ನದು. ಅವನು ಬೆಳಿಗ್ಗೆ ಇವರ ಜೊತೆ ಬಲೆ ಹೊಲಿಯಲು ಕೂರುತ್ತಿದ್ದ, ಸಂಜೆ ನನಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದ. ಮಳೆ ಬರುವ ಹೊತ್ತಿಗೆ ನಮ್ಮ ಮಾತು ಅವನ ನಾಲಿಗೆಗೆ ಹೊರಳಿತು. ನನ್ನನ್ನು ಅಕ್ಕ ಎಂದ, ಇವರನ್ನು ಭಾವ ಎಂದ. ಊರಿಗೆ ತೋಮಣ್ಣ ಆದ.

ಊಟದ ಹೊತ್ತು ಮಾತ್ರ ನೋಡಲಿಕ್ಕಾಗುತ್ತಿರಲಿಲ್ಲ. ತೋಮಣ್ಣನಿಗೆ ನನ್ನ ಬಂಗುಡೆ ಸಾರಿನ ಹುಚ್ಚು ಹಿಡಿಯಿತು. ಎದುರಿಗೆ ಕೂತ ಇವರು ಬಸಳೆ ದಂಟು ಕೈಯಲ್ಲಿ ಹಿಡಿದು ಅವನು ತಿನ್ನುವುದನ್ನೇ ನೋಡುತ್ತಿದ್ದರು. ಕಣ್ಣು ರೆಪ್ಪೆ ಬಡಿಯದೆ ನೋಡುವುದು. ಅವನಿಗೆ ಸಂಕೋಚ. ಇನ್ನೊಂದು ಮೀನು ಬೇಕೆನಿಸಿದರೆ ಉಪ್ಪಿನಕಾಯಿಯ ಭರಣಿಯನ್ನು ನೋಡುತ್ತಿದ್ದ, ಕೈ ಮಾತ್ರ ಮೀನಿನ ಪಾತ್ರೆಗೆ ಹೋಗುತ್ತಿತ್ತು. ಆಗೆಲ್ಲ ಇವರು ಒಂದು ಸಣ್ಣ ಹೂಂಕಾರ ಹಾಕುತ್ತಿದ್ದರು. ಆಸೆಗೆ ಹಾಗೆ ಮಾಡುತ್ತಾರೆಂದು ನಾನು ಸಂಕಟಪಟ್ಟೆ.

"ಭಾವ ಯಾಕೆ ಮೀನು ತಿನ್ನುದಿಲ್ಲ?" ಎಂದು ಅವನು ಒಂದು ದಿನ ನನ್ನನ್ನು ಕೇಳಿದ. ಹೇಳಿದೆ. ಅವನು ಎತ್ತಿದ ತುತ್ತನ್ನು ಬಟ್ಟಲಿಗೇ ಇಟ್ಟ.

"ಹಾಗಾದರೆ ಎಲ್ಲ ನನ್ನ ಆ ಒಂದು ಒದೆಯಲ್ಲಿ ಉಂಟಲ್ಲ ಅಕ್ಕ. ನಾನು ಹೊರಗೆ ಹೊಡೀತೇನೆ. ಬಾಲ್ ಹೋಗಿ ಸಮುದ್ರಕ್ಕೆ ಬೀಳಲಿ. ಭಾವ ಮೀನು ತಿನ್ನಲಿ."

ನನ್ನ ಕಣ್ಣಿಗೆ ನೀರು ಬಂತು. ಬೇಡ ಮಗ ಎನ್ನಬೇಕಿತ್ತು, ಅನ್ನಲಿಲ್ಲ. ಅವನ ಬಟ್ಟಲಿಗೆ ಇನ್ನೆರಡು ಬಂಗುಡೆ ಹಾಕಿದೆ. ಅಷ್ಟರಲ್ಲಿ ಜಗಲಿಯಿಂದ ಇವರು ಎದ್ದು ಬಂದರು. ಮೀನಿನ ವಿಷಯಕ್ಕೆ ಇವರ ಕಿವಿ ಬಹಳ ಚುರುಕು.

"ಎಂತ ಮಾತಾಡ್ತೀರಿ ಇಬ್ಬರೂ? ನೀನು ಬಿಟ್ಟುಕೊಟ್ಟ ಗೆಲುವಿನಲ್ಲಿ ನಾನು ಮೀನು ತಿಂದರೆ ಅದರ ಮುಳ್ಳು ನನ್ನ ಗಂಟಲಲ್ಲಿ ಸಾಯುವವರೆಗೆ ಇರ್ತದೆ. ಸರಿಯಾಗಿ ಹೊಡೆಯುದಾದರೆ ಈ ಮನೆಯಲ್ಲಿ ಊಟ ಮಾಡು. ಇಲ್ಲದಿದ್ದರೆ ಪೊರ್ಬುಗಳ ಮನೆಗೆ ಹೋಗು, ಅಲ್ಲಿ ಹೇಗೂ ಉಪ್ಪು ಜಾಸ್ತಿ."

"ಸರಿಯಾಗಿ ಹೊಡೆದರೆ ಗೋಲ್ ಆಗ್ತದೆ ಭಾವ."

"ಆಗ್ತದಾ ಇಲ್ಲವಾ ನೋಡುವ. ನೀನು ಮೊದಲು ಉಣ್ಣು."

ತೋಮಣ್ಣ ಆಣೆ ಹಾಕಿದ. ನನಗೆ ಇವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಗಿಲಿಗೆ ಬಂದ ಬಂಗುಡೆಯನ್ನು ಮರ್ಯಾದೆಯ ಹೆಸರಿನಲ್ಲಿ ಓಡಿಸುವ ಗಂಡಸರಿಗೆ ಏನೆನ್ನಬೇಕು? ನಾಲ್ಕು ದಿನ ಮಾತಾಡಲಿಲ್ಲ. ಬಸಳೆಗೆ ತೆಂಗಿನಕಾಯಿಯನ್ನೂ ಹಾಕಲಿಲ್ಲ.

ಈ ಸಲ ಹಳೆಯ ತಪ್ಪು ಆಗಬಾರದೆಂದು ಪೊರ್ಬುಗಳು ವಾರಕ್ಕೊಮ್ಮೆ ಅಭ್ಯಾಸ ಇಟ್ಟರು. ನಾನು ಜಾಗಟೆ ಹೊಡೆಯಬೇಕು, ನಮ್ಮವರು ನಮ್ಮವರ ಕೈಯನ್ನೇ ಹಿಡಿದು ಮೇಲೆ ಓಡಬೇಕು, ಪರದೇಶದವರು ಮರಳಿನಲ್ಲೇ ನಿಲ್ಲಬೇಕು. ಬೇರೆಯವರೆಲ್ಲ ಕಲಿತರು, ತೋಮಣ್ಣ ಮಾತ್ರ ಪ್ರತಿ ಸಲ ನಮ್ಮವರಿಗಿಂತ ಮುಂಚೆ ಬಂದು ದೋಣಿ ಹತ್ತಿ ಕೂರುತ್ತಿದ್ದ.

"ನೀನು ನಿಲ್ಲಬೇಕು ಮಾರಾಯ," ಎಂದು ಪೊರ್ಬುಗಳು ತಲೆ ಚಚ್ಚಿಕೊಂಡರು.

"ನಿಲ್ತೇನೆ ಪೊರ್ಬುಗಳೇ. ಆದರೆ ಒಬ್ಬನೇ ಇರಬಾರದು, ಕೈ ಹಿಡಿಯಬೇಕು ಅಂತ ಅಕ್ಕ ಹೇಳಿದ್ದಾರಲ್ಲ."

"ಹಿಡಿ. ಯಾರ ಕೈಯನ್ನಾದರೂ ಹಿಡಿ. ಓಡಬೇಡ, ಅಷ್ಟೇ," ಎಂದರು ಪೊರ್ಬುಗಳು. ಆ ಮಾತಿನಲ್ಲಿ ತಪ್ಪೇನೂ ನಮಗಾರಿಗೂ ಕಾಣಲಿಲ್ಲ.

ಕಡಲು ಬಂತು. ತೋಮಣ್ಣನ ತಾಯಿ ಎಲ್ಲರಿಗಿಂತ ಮುಂಚೆ ಮರಳಿನಲ್ಲಿ ನಿಂತಿದ್ದಳು. ಮಗನನ್ನು ಕಂಡವಳೇ ಕೆನ್ನೆಗೆ ಒಂದು ಬಾರಿಸಿದಳು, ಆಮೇಲೆ ಅಪ್ಪಿಕೊಂಡು ಅತ್ತಳು. ಅವನು ಎಷ್ಟು ದಪ್ಪಗಾಗಿದ್ದಾನೆಂದು ನೋಡಿ ನನ್ನ ಕಡೆ ತಿರುಗಿ ಎದೆಗೆ ಕೈ ಇಟ್ಟುಕೊಂಡಳು. ಒಳ್ಳೆಯ ಹೆಂಗಸು.

ಕಮಿಟಿಯವರು ಡೇರೆಯಲ್ಲಿ ಕೂತರು. ಹೋದ ವರ್ಷದ ಒದೆಯನ್ನು ಈ ವರ್ಷ ಒದೆಯಬಹುದೇ, ಒದ್ದರೆ ಅದು ಯಾವ ವರ್ಷದ್ದು, ಅದು ಮುಗಿಯದೆ ಆ ಎರಡು ಟೀಮುಗಳನ್ನು ಈ ವರ್ಷಕ್ಕೆ ಸೇರಿಸಿಕೊಳ್ಳಬಹುದೇ ಎಂದು ವಾರವಿಡೀ ವಾದ ಮಾಡಿದರು. ರೆಫ್ರಿ ಬಾಗಿಲಿನಲ್ಲಿ ನಿಂತ ಗಡಿಯಾರದ ಸಮೇತ ನಿಂತಿದ್ದಳು. ಕೊನೆಗೆ ಒದೆಯಬಹುದು ಎಂದು ಹೇಳಿ ಹೊರಗೆ ಬರುವಾಗ ಕೊನೆಯ ದಿನದ ಬಿಸಿಲು ಇಳಿಯುತ್ತಿತ್ತು.

ನಾನು ಬೆಳಿಗ್ಗೆಯೇ ಒಂದು ಕೆಲಸ ಮಾಡಿದ್ದೆ. ವಾರದ ಹಿಂದೆ, ನಮ್ಮ ಕಡಲು ಹೋಗುವ ಮೊದಲೇ, ಕಲ್ಯಾಣಿಯಿಂದ ಬಂಗುಡೆ ತೆಗೆದು ಐಸಿನಲ್ಲಿ ಇಟ್ಟಿದ್ದೆ. ಅದಕ್ಕೆ ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ಸವರಿ, ತೆಂಗಿನೆಣ್ಣೆಯಲ್ಲಿ ಕಾಯಿಸಿ, ಅತ್ತೆ ಕೊಟ್ಟ ಹಿತ್ತಾಳೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ದೋಣಿಸಾಲಿನ ಮೇಲಿನ ಜಾಗಟೆಯ ಕಟ್ಟೆಗೆ ತಂದಿದ್ದೆ. ಗೆದ್ದರೆ ಇವರ ಊಟ, ಗೋಲಾಗಿ ಗೆಲುವು ತಪ್ಪಿದರೆ ತೋಮಣ್ಣನಿಗೆ ದಾರಿಯ ಬುತ್ತಿ. ಎರಡರಲ್ಲಿ ಯಾವುದಾದರೂ ಡಬ್ಬಿ ಖಾಲಿಯಾಗುವುದು ನಿಶ್ಚಯ.

ತೋಮಣ್ಣ ಮರಳು ಗುಡ್ಡೆ ಮಾಡಿದ, ಬಾಲು ಇಟ್ಟ, ಹಿಂದೆ ಹೋದ. ರೆಫ್ರಿ ಗಡಿಯಾರದ ಮೇಲೆ ಬೆರಳಿಟ್ಟಳು. ಇವರು ಕೈ ಅಗಲಿಸಿ ನಿಂತು ಅವನ ಮುಖವನ್ನೇ ನೋಡಿದರು, ಊಟಕ್ಕೆ ಕೂತಾಗ ನೋಡುತ್ತಿದ್ದರಲ್ಲ, ಹಾಗೆಯೇ, ರೆಪ್ಪೆ ಬಡಿಯದೆ. ತೋಮಣ್ಣ ಬಲಗಡೆಯ ಮೂಲೆಯನ್ನು ಒಮ್ಮೆ ನೋಡಿದ. ಇವರು ಸಣ್ಣದಾಗಿ ಒಂದು ಹೂಂಕಾರ ಹಾಕಿದ್ದು ನನಗೆ ಕಟ್ಟೆಯವರೆಗೂ ಕೇಳಿಸಿತು. ಅವನು ಒದ್ದ. ಒದೆ ಎಂದರೆ ಒದೆಯೇ, ಆಣೆಗೆ ತಪ್ಪಲಿಲ್ಲ ಹುಡುಗ. ಬಾಲು ಎಡಗಡೆಗೆ ಹಾರಿತು. ಇವರು ಅದಕ್ಕಿಂತ ಮೊದಲೇ ಎಡಗಡೆಗೆ ಹಾರಿದ್ದರು. ಬಾಲು ಎರಡು ಅಂಗೈಗೆ ಬಡಿದು ಹೊರಗೆ ಉರುಳಿತು. ರೆಫ್ರಿಯ ಗಡಿಯಾರ ಒಂದು ವರ್ಷದ ಮೇಲೆ ಟಿಕ್ ಎಂದು ನಡೆದು ನಿಂತಿತು. ಅವಳು ಉದ್ದಕ್ಕೆ ಸೀಟಿ ಊದಿದಳು.

ಒಂದು ವರ್ಷ ಬಸಳೆ ಜಗಿಯುತ್ತ ಎದುರು ಕೂತು ಇವರು ನೋಡಿದ್ದು ಮೀನನ್ನಲ್ಲ. ಬೇಕಾದದ್ದು ಒಂದು ಕಡೆ ಇದ್ದರೆ ಇನ್ನೊಂದು ಕಡೆ ನೋಡುವ ಅವನ ಕಣ್ಣನ್ನು. ಅದು ನನಗೆ ಆಗ ಹೊಳೆಯಿತು. ನಾನು ಡಬ್ಬಿ ಹಿಡಿದು ಓಡಿದೆ. ಮೈತುಂಬ ಮರಳು ಮೆತ್ತಿಕೊಂಡು ಇವರು ಅಳುತ್ತಿದ್ದರು, ಸೋತ ತೋಮಣ್ಣ ಇವರನ್ನು ಅಪ್ಪಿಕೊಂಡು ನಗುತ್ತಿದ್ದ. ಡಬ್ಬಿಯನ್ನು ಇವರ ಕೈಗೆ ಕೊಟ್ಟೆ.

"ತಿನ್ನಿ," ಎಂದೆ.

"ಕೈ ತೊಳೆದು ತಿನ್ತೇನೆ," ಎಂದರು. ಇಷ್ಟು ವರ್ಷದ ಮೇಲೆ, ಕೈ ತೊಳೆಯಬೇಕಂತೆ.

ನೀರಿನ ಕಡೆ ನೋಡಿದರೆ ಚಹಾದ ಗೆರೆ. ಎದ್ದುಬಿದ್ದು ಕಟ್ಟೆಗೆ ಓಡಿ ಜಾಗಟೆ ಹೊಡೆದೆ. ಅಭ್ಯಾಸ ಎಂದರೆ ಅಭ್ಯಾಸ, ನಮ್ಮವರು ನಮ್ಮವರ ಕೈ ಹಿಡಿದು ಅಚ್ಚುಕಟ್ಟಾಗಿ ಮೇಲೆ ಬಂದರು, ಪರದೇಶದವರು ಮರಳಿನಲ್ಲಿ ನಿಂತರು. ತೋಮಣ್ಣನೂ ಈ ಸಲ ಓಡಲಿಲ್ಲ. ಪೊರ್ಬುಗಳು ಹೇಳಿದ ಹಾಗೆಯೇ ನಿಂತ, ಹತ್ತಿರ ಇದ್ದವರ ಕೈ ಗಟ್ಟಿಯಾಗಿ ಹಿಡಿದುಕೊಂಡು. ಹತ್ತಿರ ಇದ್ದವರು ನನ್ನ ಯಜಮಾನರು.

"ಬನ್ನಿ," ಎಂದು ಕೂಗಿದೆ. ಇವರು ದೋಣಿಸಾಲನ್ನು ನೋಡಿದರು, ಹಿಡಿದ ಕೈಯನ್ನು ನೋಡಿದರು. ಜಾಗಟೆ ನಿಲ್ಲುವವರೆಗೆ ಹಿಡಿದ ಕೈ ಬಿಡುವವರಲ್ಲ, ಅದು ಇವರ ತಾಯಿಯೇ ಕಲಿಸಿದ್ದು. ಎಳೆದುಕೊಂಡು ಬರುವಂತೆಯೂ ಇಲ್ಲ, ಆ ಹುಡುಗ ತಾಯಿಯ ಹತ್ತಿರ ಹೋಗಬೇಕು. ಇವರು ಓಡಲಿ ಎಂದು ನಾನು ಇನ್ನೂ ಜೋರಾಗಿ ಹೊಡೆದೆ. ನಾನು ಹೊಡೆದಷ್ಟೂ ಅವರಿಬ್ಬರೂ ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಿಂದ ಪೊರ್ಬುಗಳು, "ನಿಲ್ಲಿಸು ವಾರಿಜಾ, ನೀನು ನಿಲ್ಲಿಸಿದರೆ ಬಿಡ್ತಾರೆ," ಎಂದು ಕೂಗಿದ್ದು ಜಾಗಟೆಯ ಸದ್ದಿನಲ್ಲಿ ನನಗೆ ಕೇಳಿಸಿದ್ದು ತಡವಾಗಿ. ಕೋಲು ಬಿಸಾಡಿದೆ. ಅಷ್ಟು ಹೊತ್ತಿಗೆ ಚಹಾದ ಗೆರೆ ದೋಣಿಸಾಲಿನ ಬುಡಕ್ಕೆ ಬಂದಾಗಿತ್ತು. ಅದರಾಚೆ ಅವರ ಮರಳು, ಅವರ ನೀಲಿ, ಕಿಟಕಿಯ ಗಾಜಿನ ಹಿಂದೆ ಇದ್ದ ಹಾಗೆ ಕಾಣುತ್ತಿತ್ತು.

ಇವರು ಕೈ ಬಿಡಿಸಿಕೊಂಡು ಅಲ್ಲೇ ಮರಳಿನ ಮೇಲೆ ಕೂತರು. ಡಬ್ಬಿಯ ಮುಚ್ಚಳ ತೆಗೆದರು. ಕೈ ತೊಳೆಯಲಿಲ್ಲ. ಒಂದು ಬಂಗುಡೆ ತೆಗೆದು, ಮುಳ್ಳು ಬಿಡಿಸಿ, ಬಾಯಿಗೆ ಇಟ್ಟು, ಕಣ್ಣು ಮುಚ್ಚಿದರು. ತೋಮಣ್ಣನಿಗೊಂದು ಕೊಟ್ಟರು, ಓಡಿ ಬಂದ ಅವನ ತಾಯಿಗೊಂದು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಉಪ್ಪು ಖಾರ ಸರಿಯಾಗಿದೆ ಎಂದು ಕೈಯೆತ್ತಿ ತೋರಿಸಿದರು. ಅವರ ಗಂಟಲು ನುಂಗುವುದು ಕೂಡ ನನಗೆ ಕಾಣುತ್ತಿತ್ತು.

ಹೇಳಲು ಎಷ್ಟೋ ಇತ್ತು. ಚಳಿಗೆ ಕಿವಿ ಮುಚ್ಚಿಕೊಳ್ಳಿ ಎನ್ನಬಹುದಿತ್ತು, ನೀವಿಲ್ಲದೆ ಹೇಗಿರಲಿ ಎನ್ನಬಹುದಿತ್ತು. ನನ್ನ ಬಾಯಿಗೆ ಬಂದದ್ದು, "ಆ ಡಬ್ಬಿ ಅತ್ತೆಯದ್ದು, ಜೋಪಾನವಾಗಿ ವಾಪಸ್ ತನ್ನಿ," ಎಂದು. ಕೇಳಿಸಿತೋ ಇಲ್ಲವೋ, ಅಷ್ಟರಲ್ಲಿ ಎದುರಿಗೆ ನಮ್ಮ ಚಹಾದ ಕಡಲು.

ಮರುದಿನ ಬೆಳಿಗ್ಗೆ ಕಲ್ಯಾಣಿ ಬಾಗಿಲಿಗೆ ಬುಟ್ಟಿ ಇಳಿಸಿ, "ನಮ್ಮ ಕಡಲಿನ ಬಂಗುಡೆ ಅಕ್ಕ, ಈಗಷ್ಟೇ ಬಂದದ್ದು," ಎಂದಳು. ಕಣ್ಣು ನೋಡಿದೆ, ಕಿವಿರು ನೋಡಿದೆ. ಒಳ್ಳೆಯ ತಾಜಾ ಮೀನು.

"ಈ ವರ್ಷ ನನಗೆ ಬೇಡ ಕಲ್ಯಾಣಿ," ಎಂದೆ. "ಅವರು ಬರಲಿ."

ಅವಳು ಬುಟ್ಟಿ ತಲೆಗೇರಿಸಿಕೊಂಡು ಹೋದಳು. ನಾನು ಕತ್ತಿ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಮಧ್ಯಾಹ್ನದ ಸಾರಿಗೆ ಬಸಳೆ ಕೊಯ್ದೆ.